ಇಲ್ಲದ ಏಜೆನ್ಸಿಗೆ ಬುಕಿಂಗ್, ಹೇಳಲಾಗದ ದೂರು

ಕಾಸರಗೋಡು: ಮೊಬೈಲಿನಲ್ಲಿ 'ಎಸ್ಕಾರ್ಟ್' ಎಂಬ ಪದದ ಜೊತೆ ಮಂಗಳೂರಿನ ಹೆಸರು ಟೈಪ್ ಮಾಡಿದರೆ ಪುಟಗಟ್ಟಲೆ ವೆಬ್‌ಸೈಟುಗಳು ತೆರೆದುಕೊಳ್ಳುತ್ತವೆ. ಮಂಗಳೂರು ದೊಡ್ಡ ಊರು, ಇರಬಹುದು ಎನ್ನೋಣ. ಆದರೆ ರಾತ್ರಿ ಎಂಟಕ್ಕೆ ಅಂಗಡಿ ಬಾಗಿಲು ಹಾಕುವ ಸಣ್ಣ ಪೇಟೆಗಳ ಹೆಸರಿನಲ್ಲೂ ಇಂತಹ ಪುಟಗಳಿರುತ್ತವೆ. ಎಲ್ಲದರಲ್ಲೂ ಅದೇ ಫೋಟೋಗಳು, ಅದೇ ದರಪಟ್ಟಿ, ಅದೇ '24 ಗಂಟೆ ಸೇವೆ'. ಊರಿನ ಹೆಸರು ಮಾತ್ರ ಬೇರೆ. ಈ ಪುಟಗಳನ್ನು ಬರೆಯುವವನು ಆ ಪೇಟೆಯನ್ನು ಕಂಡವನೇ ಅಲ್ಲ. ಊರುಗಳ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟರೆ ಸಾಕು, ಊರಿಗೊಂದು ಪುಟ ತಾನಾಗಿಯೇ ತಯಾರಾಗುತ್ತದೆ.

ಇಂತಹ ಏಜೆನ್ಸಿಗಳ ಬಗ್ಗೆ ಅಲ್ಲಲ್ಲಿ ಕೇಳಿಬರುವ ದೂರುಗಳು ಮೇಲ್ನೋಟಕ್ಕೆ ಯಾವುದೋ ಬಸ್ ಕಂಪೆನಿಯ ಮೇಲಿನ ದೂರಿನಂತೆಯೇ ಇರುತ್ತವೆ. ಬುಕಿಂಗ್ ಸರಿಯಿಲ್ಲ, ಮುಂಗಡ ಪಡೆದ ಮೇಲೆ ಫೋನ್ ಎತ್ತುವುದಿಲ್ಲ, ಹೇಳಿದ ಸಮಯಕ್ಕೆ ಯಾರೂ ಬರಲಿಲ್ಲ, ಹಣ ವಾಪಸ್ ಕೇಳಿದರೆ ಬೈಗುಳ. ಒಟ್ಟಿನಲ್ಲಿ 'ಸರ್ವಿಸ್ ಚೆನ್ನಾಗಿಲ್ಲ' ಎಂಬ ದೂರು. ಈ ದೂರಿನಲ್ಲೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಸರ್ವಿಸ್ ಕೆಟ್ಟಿದೆ ಎನ್ನಬೇಕಾದರೆ ಮೊದಲು ಒಂದು ಏಜೆನ್ಸಿ ಇರಬೇಕಷ್ಟೆ? ಬಹುತೇಕ ಪ್ರಕರಣಗಳಲ್ಲಿ ಏಜೆನ್ಸಿಯೇ ಇಲ್ಲ. ಇರುವುದು ದೂರದ ಯಾವುದೋ ರಾಜ್ಯದಲ್ಲಿ ಕುಳಿತ ಎರಡು ಮೂರು ಹುಡುಗರು, ಒಂದಷ್ಟು ಸಿಮ್ ಕಾರ್ಡುಗಳು, ಬೇರೆಯವರ ಹೆಸರಿನ ಬ್ಯಾಂಕ್ ಖಾತೆಗಳು. ಫೋನ್ ಎತ್ತದಿರುವುದು ಇಲ್ಲಿ ನಿರ್ಲಕ್ಷ್ಯವಲ್ಲ, ಅದೇ ವ್ಯಾಪಾರ.

ಈ ವ್ಯಾಪಾರ ನಡೆಯುವ ರೀತಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮಂಜೇಶ್ವರದ ಕಡೆಯ ಒಬ್ಬ ಯುವಕ ಎಂದಿಟ್ಟುಕೊಳ್ಳಿ. ವೆಬ್‌ಸೈಟಿನ ನಂಬರಿಗೆ ವಾಟ್ಸಪ್ ಮಾಡುತ್ತಾನೆ. ಆ ಕಡೆಯಿಂದ ಬಹಳ ಮರ್ಯಾದೆಯ ಹಿಂದಿ ಅಥವಾ ಇಂಗ್ಲಿಷ್. ಫೋಟೋಗಳು ಬರುತ್ತವೆ. 'ಬುಕಿಂಗಿಗೆ 500 ರೂಪಾಯಿ ಮಾತ್ರ, ಉಳಿದದ್ದು ಭೇಟಿಯಾದ ಮೇಲೆ' ಎನ್ನುತ್ತಾರೆ. 500 ರೂಪಾಯಿ ದೊಡ್ಡ ಮೊತ್ತವಲ್ಲ ಎಂದು ಅವನು ಕಳಿಸುತ್ತಾನೆ. ಮಂಗಳೂರಿನ ಒಂದು ಹೋಟೆಲಿನ ಹೆಸರು ಬರುತ್ತದೆ. ಹೋಟೆಲ್ ನಿಜವಾದದ್ದೇ, ಆದರೆ ಅಲ್ಲಿಯವರಿಗೆ ಈ ಸಂಗತಿಯೇ ಗೊತ್ತಿರುವುದಿಲ್ಲ. ಅವನು ತಲಪಾಡಿ ದಾಟಿ ಹೋಟೆಲಿನ ಎದುರು ನಿಂತಾಗ ಇನ್ನೊಂದು ಮೆಸೇಜು: 'ಗೇಟ್ ಪಾಸಿಗೆ 2,000, ವಾಪಸ್ ಕೊಡುತ್ತೇವೆ.' ಆಮೇಲೆ 'ಸೆಕ್ಯುರಿಟಿ ಡೆಪಾಸಿಟ್'. ಆಮೇಲೆ 'ಮೆಡಿಕಲ್ ಕಾರ್ಡ್'. ಕೆಲವರು ಜಿ.ಎಸ್.ಟಿ. ಕೂಡ ಕೇಳುತ್ತಾರೆ. ನೋಂದಣಿಯೇ ಇಲ್ಲದ, ನೋಂದಣಿ ಮಾಡಲೂ ಆಗದ ದಂಧೆಗೆ ಯಾವ ಜಿ.ಎಸ್.ಟಿ. ಎಂದು ಆ ಹೊತ್ತಿನಲ್ಲಿ ಹೊಳೆಯುವುದಿಲ್ಲ.

ನಿಂತಲ್ಲಿಂದ ಹಿಂದೆ ಹೋಗುವುದೂ ಕಷ್ಟ. ಕೊಟ್ಟ ಹಣ ಹೋಗುತ್ತದಲ್ಲ ಎಂಬ ಹೊಟ್ಟೆಯುರಿ ಇನ್ನೂ ಸ್ವಲ್ಪ ಕೊಡಿಸುತ್ತದೆ. ಕೊನೆಗೆ ರೀಫಂಡ್ ಕೇಳಿದಾಗ 'ನೀವು ಹಣವನ್ನು ಎರಡು ಸಲ ಕಳಿಸಿದ್ದೀರಿ, ಸಿಸ್ಟಮ್ ಒಪ್ಪುವುದಿಲ್ಲ, ಪೂರ್ತಿ ಮೊತ್ತ ಒಂದೇ ಸಲ ಕಳಿಸಿದರೆ ಎಲ್ಲ ಒಟ್ಟಿಗೆ ವಾಪಸ್ ಬರುತ್ತದೆ' ಎನ್ನುತ್ತಾರೆ. ಕೆಲವು ಸಲ ಕ್ಯೂ.ಆರ್. ಕೋಡ್ ಕಳಿಸಿ 'ಸ್ಕ್ಯಾನ್ ಮಾಡಿ, ಹಣ ನಿಮಗೆ ಬರುತ್ತದೆ' ಎನ್ನುವುದೂ ಉಂಟು. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ಹೋಗುತ್ತದೆಯೇ ವಿನಾ ಬರುವುದಿಲ್ಲ. ಹಣ ಪಡೆಯಲು ಯು.ಪಿ.ಐ. ಪಿನ್ ಬೇಕಾಗಿಯೇ ಇಲ್ಲ. ಇದು ಅಂಗಡಿಯಲ್ಲಿ ಹಾಲು ಕೊಳ್ಳುವವರಿಗೂ ಗೊತ್ತು, ಆದರೆ ಗಾಬರಿಯಲ್ಲಿ ಗೊತ್ತಿದ್ದದ್ದೂ ಮರೆಯುತ್ತದೆ.

ಗೊತ್ತಿರಬೇಕಾದ ಮತ್ತೊಂದು ಸಂಗತಿ: ಯು.ಪಿ.ಐ.ನಲ್ಲಿ ಹಣ ಕಳಿಸುವ ಮೊದಲು ಪರದೆಯ ಮೇಲೆ ಬ್ಯಾಂಕ್ ಖಾತೆಯಲ್ಲಿರುವ ನಿಜವಾದ ಹೆಸರನ್ನೇ ತೋರಿಸಬೇಕೆಂಬ ನಿಯಮ 2025ರ ಜೂನ್ 30ರಿಂದ ಬಂದಿದೆ. ಮಾತಾಡುವ 'ಮ್ಯಾನೇಜರ್' ಹೆಸರು ಒಂದು, ಪರದೆಯ ಮೇಲಿನ ಹೆಸರು ಇನ್ನೊಂದು ಎಂದಾದರೆ ಅಲ್ಲಿಗೇ ನಿಲ್ಲಿಸಬಹುದು. ಆ ಹೆಸರಿನವನೂ ಅಸಲಿ ಕಳ್ಳನಾಗಿರುವುದಿಲ್ಲ ಎಂಬುದು ಬೇರೆ ಮಾತು. ತಿಂಗಳಿಗೆ ಇಷ್ಟು ಎಂದು ಹಣ ಪಡೆದು ತನ್ನ ಪಾಸ್‌ಬುಕ್ಕು, ಎ.ಟಿ.ಎಂ. ಕಾರ್ಡು, ಸಿಮ್ಮು ಬಾಡಿಗೆಗೆ ಕೊಟ್ಟ ಯಾರೋ ಬಡಪಾಯಿ ಇರಬಹುದು. ಹೀಗೆ ಖಾತೆ ಬಾಡಿಗೆಗೆ ಕೊಟ್ಟು ಪೊಲೀಸರ ಕೈಗೆ ಸಿಕ್ಕವರಲ್ಲಿ ಕೇರಳದ ಕಾಲೇಜು ಹುಡುಗರೂ ಇದ್ದಾರೆ. ಹಣ ಅಲ್ಲಿಂದ ಇನ್ನೊಂದು, ಮತ್ತೊಂದು ಖಾತೆಗೆ ಹಾರುತ್ತದೆ. ಸಿಕ್ಕಿಬೀಳುವವನು ಮೊದಲ ಖಾತೆಯವನು.

ಇಷ್ಟಕ್ಕೇ ಮುಗಿದರೆ ಕೆಲವು ಸಾವಿರದ ನಷ್ಟ. ಮುಗಿಯದಿದ್ದಾಗ ಎರಡನೇ ಅಧ್ಯಾಯ ಶುರುವಾಗುತ್ತದೆ. ಹಣ ವಾಪಸ್ ಕೇಳಿದವನ ಬಳಿ 'ಕ್ರೈಂ ಬ್ರಾಂಚ್ ಅಧಿಕಾರಿ' ಮಾತಾಡುತ್ತಾನೆ. 'ನಿನ್ನ ನಂಬರ್ ವೇಶ್ಯಾವಾಟಿಕೆ ಕೇಸಿನಲ್ಲಿ ಸಿಕ್ಕಿದೆ, ಮನೆಗೆ ಜೀಪು ಬರುತ್ತದೆ' ಎನ್ನುತ್ತಾನೆ. ಇಲ್ಲವೇ ಮಾತುಕತೆಯ ಸ್ಕ್ರೀನ್‌ಶಾಟ್‌ಗಳನ್ನು ಫೇಸ್‌ಬುಕ್ಕಿನ ಗೆಳೆಯರಿಗೆಲ್ಲ ಕಳಿಸುವ ಬೆದರಿಕೆ. ವಿಡಿಯೋ ಕರೆಗೆ ಸಿಕ್ಕಿಬಿದ್ದಿದ್ದರೆ ಕೇಳುವುದೇ ಬೇಡ. ಸೆಕ್ಸ್‌ಟಾರ್ಷನ್ ಎಂದು ಕರೆಯುವ ಈ ಸುಲಿಗೆಗೆ ಹರಿಯಾಣ-ರಾಜಸ್ಥಾನ ಗಡಿಯ ಮೇವಾತ್ ಪ್ರದೇಶ ಕುಖ್ಯಾತಿ ಪಡೆದಿದೆ. 2023ರ ಏಪ್ರಿಲಿನಲ್ಲಿ ಹರಿಯಾಣದ ನೂಹ್ ಜಿಲ್ಲೆಯ ಹಳ್ಳಿಗಳಲ್ಲಿ ಸೈಬರ್ ವಂಚಕರನ್ನು ಹಿಡಿಯಲು ಸುಮಾರು 5,000 ಪೊಲೀಸರು ಒಂದೇ ರಾತ್ರಿ ದಾಳಿ ಮಾಡಬೇಕಾಯಿತು. ಗಡಿ ಇದ್ದಲ್ಲಿ ಕಳ್ಳರಿಗೆ ಅನುಕೂಲ ಎಂಬುದು ಅಲ್ಲಿಯೂ ಸತ್ಯ, ಇಲ್ಲಿಯೂ ಸತ್ಯ.

ಬಿಹಾರದ ನವಾದಾ ಜಿಲ್ಲೆಯಲ್ಲಿ 2023ರ ಡಿಸೆಂಬರಿನಲ್ಲಿ ಬಯಲಾದ ಪ್ರಕರಣ ಇನ್ನೂ ವಿಚಿತ್ರ. ಮಕ್ಕಳಿಲ್ಲದ ಹೆಂಗಸರಿಗೆ ಗರ್ಭ ನಿಲ್ಲಿಸಿಕೊಟ್ಟರೆ 13 ಲಕ್ಷ ರೂಪಾಯಿ ಎಂಬ ಜಾಹೀರಾತು. ನಂಬಿ ಬಂದವರಿಂದ ಮೊದಲು 799 ರೂಪಾಯಿ ನೋಂದಣಿ ಶುಲ್ಕ, ನಂತರ 5,000ದಿಂದ 20,000 ರೂಪಾಯಿವರೆಗೆ ಡೆಪಾಸಿಟ್. 8 ಮಂದಿ ಬಂಧಿತರಾದರು. ದೇಶವೆಲ್ಲ ನಕ್ಕಿತು. ಆದರೆ ಆ ದಂಧೆಯ ಲೆಕ್ಕಾಚಾರವನ್ನು ಗಮನಿಸಿದರೆ ನಗು ನಿಲ್ಲುತ್ತದೆ. ಮೊದಲು ಸಣ್ಣ ಮೊತ್ತ, ನಂತರ ದೊಡ್ಡದು, ಮೋಸ ಹೋದವನು ಹೆಂಡತಿಗೂ ಹೇಳಲಾಗದಂತಹ ವಿಷಯ. ಎಸ್ಕಾರ್ಟ್ ಬುಕಿಂಗಿನ ಲೆಕ್ಕಾಚಾರವೂ ಇದೇ. ಕಳ್ಳನಿಗೆ ಚೇಳು ಕಡಿದಂತೆ ಎಂಬ ನಮ್ಮ ಗಾದೆಯಲ್ಲಿ ಕಡಿಸಿಕೊಂಡವನು ಕಳ್ಳ. ಇಲ್ಲಿ ಕಳ್ಳನಿಗೇನೂ ಆಗುವುದಿಲ್ಲ, ಕಡಿಸಿಕೊಂಡು ಬಾಯಿಬಿಡದೆ ಕೂರುವವನು ಹಣ ಕಳೆದುಕೊಂಡವನೇ.

ಗಲ್ಫಿನಲ್ಲಿರುವ ಕಾಸರಗೋಡಿನವರಿಗೆ ಇದರ ಅಣ್ಣನ ಪರಿಚಯ ಮೊದಲೇ ಇದೆ. ದುಬೈಯಲ್ಲಿ ನಿಲ್ಲಿಸಿದ ಕಾರುಗಳ ಗಾಜಿಗೆ ಸಿಕ್ಕಿಸಿ ಹೋಗುವ ಮಸಾಜ್ ಕಾರ್ಡುಗಳನ್ನು ನಂಬಿ ಹೋದವರನ್ನು ಕೋಣೆಯಲ್ಲಿ ಕೂಡಿಹಾಕಿ ದೋಚಿದ ಪ್ರಕರಣಗಳು ನಡೆದು, ಅಲ್ಲಿನ ಪೊಲೀಸರು ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದ್ದಾರೆ. ವೀಸಾ ಹೋದೀತೆಂಬ ಹೆದರಿಕೆಯಲ್ಲಿ ದೂರು ಕೊಡದೆ ಸುಮ್ಮನಾಗುವವರು ಅಲ್ಲಿಯೂ ಇದ್ದಾರೆ.

ಇನ್ನು ಕಾನೂನಿನ ಮಾತು. ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ, ಯಾಕೆಂದರೆ ಸುಲಿಗೆ ಮಾಡುವವರು ಹೆದರಿಸುವುದೇ ಕಾನೂನಿನ ಹೆಸರು ಹೇಳಿ.

1956ರ ಅನೈತಿಕ ವ್ಯವಹಾರ (ತಡೆ) ಕಾಯ್ದೆ ವಯಸ್ಕ ಮಹಿಳೆಯೊಬ್ಬಳು ಸ್ವ ಇಚ್ಛೆಯಿಂದ ಲೈಂಗಿಕ ವೃತ್ತಿಯಲ್ಲಿ ಇರುವುದನ್ನೇ ಅಪರಾಧ ಎನ್ನುವುದಿಲ್ಲ. ಅದು ಶಿಕ್ಷಿಸುವುದು ಅದರ ಸುತ್ತಲಿನ ದಂಧೆಯನ್ನು: ವೇಶ್ಯಾಗೃಹ ನಡೆಸುವುದು, ಇನ್ನೊಬ್ಬಳ ಸಂಪಾದನೆಯಲ್ಲಿ ಬದುಕುವುದು, ಈ ಕೆಲಸಕ್ಕೆ ಆಳು ಹುಡುಕಿ ತರುವುದು, ಸಾರ್ವಜನಿಕವಾಗಿ ಕರೆಯುವುದು. ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳ 200 ಮೀಟರ್ ಒಳಗೆ ನಡೆದರೆ ಅದಕ್ಕೆ ಬೇರೆಯೇ ಕಲಮು. ಅಂದರೆ ಹಣ ಪಡೆದು ಹೆಂಗಸರನ್ನು ಒದಗಿಸುವ 'ಏಜೆನ್ಸಿ' ಎಂಬುದು, ನಿಜವಾಗಿ ಇದ್ದರೂ, ಕಾನೂನಿನ ಕಣ್ಣಿನಲ್ಲಿ ಅಪರಾಧವೇ. 'ರಿಜಿಸ್ಟರ್ಡ್ ಏಜೆನ್ಸಿ' ಎಂದು ಬರೆದುಕೊಂಡರೆ ಅದು ಮೊದಲನೇ ಸುಳ್ಳು.

ಹಾಗಾದರೆ ಹಣ ಕಳೆದುಕೊಂಡವನು ಗ್ರಾಹಕರ ಆಯೋಗಕ್ಕೆ ಹೋಗಬಹುದೇ? ಅಲ್ಲಿ ನಿಲ್ಲುವುದು ಕಷ್ಟ. ಕಾನೂನುಬಾಹಿರ ಅಥವಾ ಅನೈತಿಕ ಉದ್ದೇಶದ ಒಪ್ಪಂದಕ್ಕೆ 1872ರ ಕರಾರು ಕಾಯ್ದೆಯ 23ನೇ ಕಲಮಿನಂತೆ ಬೆಲೆಯೇ ಇಲ್ಲ. 'ಹೇಳಿದ ಸೇವೆ ಕೊಡಲಿಲ್ಲ' ಎಂಬ ವಾದ ಅಲ್ಲಿ ನಡೆಯದು. ಆದರೆ ವಂಚನೆ ವಂಚನೆಯೇ. ಯಾವ ಆಮಿಷ ತೋರಿಸಿದ್ದರೂ ಸುಳ್ಳು ಹೇಳಿ ಹಣ ಲಪಟಾಯಿಸಿದ್ದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ಬರುತ್ತದೆ, ಶಿಕ್ಷೆ ಏಳು ವರ್ಷದವರೆಗೆ. ಹಿಂದೆ ಇದನ್ನೇ ಎಲ್ಲರೂ 'ಫೋರ್ ಟ್ವೆಂಟಿ' ಎನ್ನುತ್ತಿದ್ದರು. 2024ರ ಜುಲೈ 1ರಿಂದ ನಂಬರ್ ಬದಲಾಗಿದೆ, ಅಪರಾಧ ಬದಲಾಗಿಲ್ಲ. ಹೆದರಿಸಿ ಹಣ ಕೀಳುವುದು 308ನೇ ಕಲಮು. ಕಂಪ್ಯೂಟರ್, ಮೊಬೈಲ್ ಬಳಸಿ ಬೇರೊಬ್ಬನಂತೆ ನಟಿಸಿ ವಂಚಿಸಿದರೆ ಐ.ಟಿ. ಕಾಯ್ದೆಯ 66ಡಿ.

ಇಲ್ಲಿ ಗಡಿನಾಡಿನವರಿಗೇ ಮೀಸಲಾದ ಒಂದು ಗೊಂದಲ ಇದೆ. ವೇಶ್ಯಾಗೃಹದಲ್ಲಿ ಸಿಕ್ಕಿಬಿದ್ದ 'ಗಿರಾಕಿ'ಯ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ನಡೆಸಲಾಗದು ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿತ್ತು. 2025ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್ ಬೇರೆಯೇ ದಾರಿ ಹಿಡಿಯಿತು. ಹೆಣ್ಣು ಮಾರಾಟದ ವಸ್ತುವಲ್ಲ, ಹಾಗಾಗಿ ಹಣ ಕೊಟ್ಟು ಬರುವವನನ್ನು ಗಿರಾಕಿ ಎನ್ನಲಾಗದು, ಅವನ ಹಣವೇ ಆಕೆಯನ್ನು ಈ ವೃತ್ತಿಗೆ ಪ್ರೇರೇಪಿಸುತ್ತದೆ, ಆದ್ದರಿಂದ 5ನೇ ಕಲಮಿನಡಿ ಅವನ ಮೇಲೂ ಮೊಕದ್ದಮೆ ನಡೆಯಬಹುದು ಎಂಬುದು ಆ ತೀರ್ಪಿನ ಸಾರ. ತಲಪಾಡಿಯ ಟೋಲ್ ಗೇಟಿನ ಆಚೆಗೊಂದು, ಈಚೆಗೊಂದು ಎಂಬಂತಾಯಿತು. ಒಂದೇ ಕೇಂದ್ರ ಕಾಯ್ದೆಗೆ ಎರಡು ಹೈಕೋರ್ಟುಗಳ ಎರಡು ಅರ್ಥ. ದಿನಾ ಬೆಳಿಗ್ಗೆ ಈಚೆಯಿಂದ ಆಚೆಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವ ಜನರಿಗೆ ಇದು ಗೊತ್ತಿರುವುದು ಒಳ್ಳೆಯದು.

ಆದರೆ ಇದನ್ನೇ ಕೇಳಿ ದೂರು ಕೊಡಲು ಹೆದರಬೇಕಾಗಿಲ್ಲ. ಆ ಎರಡೂ ತೀರ್ಪುಗಳು ದಾಳಿಯ ವೇಳೆ ಸ್ಥಳದಲ್ಲಿ ಸಿಕ್ಕವರಿಗೆ ಸಂಬಂಧಿಸಿದವು. ಇಲ್ಲದ ಏಜೆನ್ಸಿಯನ್ನು ನಂಬಿ ಮೊಬೈಲಿನಲ್ಲಿ ಹಣ ಕಳೆದುಕೊಂಡವನ ಸ್ಥಿತಿ ಅದಲ್ಲ, ಅಲ್ಲಿ ನಡೆದದ್ದು ವಂಚನೆ. ಅವನಿಗೆ ಬೆದರಿಕೆ ಬರುತ್ತಿದ್ದರಂತೂ ಪೊಲೀಸ್ ಠಾಣೆಯೇ ಅವನಿಗಿರುವ ಆಸರೆ.

ಈ ಆಟದಲ್ಲಿ ಮಾತೇ ಬರದ ಇನ್ನೊಂದು ಪಕ್ಷ ಇದೆ, ಫೋಟೋದಲ್ಲಿರುವ ಹೆಂಗಸರು. ಅವರಲ್ಲಿ ಅನೇಕರಿಗೆ ತಮ್ಮ ಚಿತ್ರ ಅಲ್ಲಿರುವುದೇ ಗೊತ್ತಿಲ್ಲ. ಇನ್‌ಸ್ಟಾಗ್ರಾಮಿನಿಂದ, ಮದುವೆ ಆಲ್ಬಮ್ಮಿನಿಂದ, ಕಾಲೇಜು ಡೇಯ ಫೋಟೋದಿಂದ ಕದ್ದ ಚಿತ್ರಗಳವು. ದ್ವೇಷಕ್ಕೆ ಬಿದ್ದವರು ಹೆಣ್ಣುಮಗಳ ಮೊಬೈಲ್ ನಂಬರನ್ನೇ ಇಂತಹ ಪುಟಕ್ಕೆ ಹಾಕಿಬಿಟ್ಟರೆ ರಾತ್ರಿಯಿಡೀ ಆಕೆಗೆ ಕರೆಗಳು. 500 ರೂಪಾಯಿ ಕಳೆದುಕೊಂಡವನ ನಷ್ಟವನ್ನು ಈಕೆಯದ್ದರ ಪಕ್ಕದಲ್ಲಿ ಇಟ್ಟು ನೋಡಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಅಡಿಕೆ ಕದ್ದವನು ಬೇರೆ, ಮಾನ ಹೋದದ್ದು ಬೇರೆಯವಳದ್ದು. ತಿರುಚಿದ ಅಥವಾ ನಗ್ನ ಚಿತ್ರಗಳ ಬಗ್ಗೆ ದೂರು ಬಂದರೆ ಜಾಲತಾಣಗಳು 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ಐ.ಟಿ. ನಿಯಮಗಳು ವಿಧಿಸಿದವು. ದೊಡ್ಡ ಕಂಪೆನಿಗಳು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ. ಹೊರದೇಶದ ಸರ್ವರಿನಲ್ಲಿ ಹೆಸರಿಲ್ಲದೆ ನಡೆಯುವ ಪುಟಗಳಿಗೆ ಯಾವ ನಿಯಮವೂ ತಟ್ಟುವುದಿಲ್ಲ.

ಮುಚ್ಚಿಸುವ ಪ್ರಯತ್ನ ಆಗಿಲ್ಲವೆಂದಲ್ಲ. 2016ರ ಜೂನ್‌ನಲ್ಲಿ ಕೇಂದ್ರ ಸರಕಾರ ಒಂದೇ ಏಟಿಗೆ 240 ಎಸ್ಕಾರ್ಟ್ ವೆಬ್‌ಸೈಟುಗಳನ್ನು ತಡೆಯುವಂತೆ ಇಂಟರ್‌ನೆಟ್ ಕಂಪೆನಿಗಳಿಗೆ ಆದೇಶಿಸಿತು. ಅಂದು ಅದು ದೊಡ್ಡ ಸುದ್ದಿ. ವಿಳಾಸದಲ್ಲಿ ಒಂದಕ್ಷರ ಬದಲಿಸಿದರೆ ಹೊಸ ವೆಬ್‌ಸೈಟು ಸಿದ್ಧ ಎಂಬುದು ಆಗಲೇ ಎಲ್ಲರಿಗೂ ತಿಳಿದಿತ್ತು. ಅಂದು ಹಣ ಕಳಿಸಲು ಅನೇಕರು ಬ್ಯಾಂಕಿಗಾದರೂ ಹೋಗಬೇಕಿತ್ತು. ಅದೇ ವರ್ಷ ಶುರುವಾದ ಯು.ಪಿ.ಐ. ಮುಂದೆ ಹಳ್ಳಿ ಹಳ್ಳಿಗೂ ಬಂದು, ಮೋಸಕ್ಕೆ ಬೇಕಾದ ಸಮಯವನ್ನು ಅರ್ಧ ನಿಮಿಷಕ್ಕೆ ಇಳಿಸಿತು.

ಏಜೆನ್ಸಿಯ ಹಿಂದೆ ನಿಜವಾಗಿಯೂ ಹೆಂಗಸರಿದ್ದರೆ? ಅಲ್ಲಿ 'ಸರ್ವಿಸ್' ಬಗ್ಗೆ ಮಾತಾಡುವುದು ಇನ್ನೂ ಅಸಹ್ಯ. ಕೆಲಸ ಕೊಡಿಸುವುದಾಗಿ ಕರೆತಂದು ಕೂಡಿಹಾಕಿದವಳೇ, ಸಾಲಕ್ಕೆ ಸಿಕ್ಕಿಬಿದ್ದವಳೇ, ವಯಸ್ಸು ತುಂಬದವಳೇ ಎಂಬುದು ಬುಕಿಂಗ್ ಮಾಡುವವನಿಗೆ ತಿಳಿಯುವ ದಾರಿಯಿಲ್ಲ. ಸಾಗಿಸಿ ತಂದ ಹೆಂಗಸೆಂದು ತಿಳಿದೂ ಲೈಂಗಿಕವಾಗಿ ಬಳಸಿಕೊಂಡವನಿಗೆ ನ್ಯಾಯ ಸಂಹಿತೆಯ 144ನೇ ಕಲಮಿನಲ್ಲಿ ಕನಿಷ್ಠ ಮೂರು ವರ್ಷ ಶಿಕ್ಷೆ ಇದೆ. ಮಗುವಾಗಿದ್ದರೆ ಕನಿಷ್ಠ ಐದು. ಇನ್ನೊಂದೆಡೆ, ಸ್ವ ಇಚ್ಛೆಯಿಂದ ಈ ವೃತ್ತಿಯಲ್ಲಿರುವ ವಯಸ್ಕ ಮಹಿಳೆಯರಿಗೂ ಘನತೆಯಿಂದ ಬದುಕುವ ಹಕ್ಕಿದೆ, ಅವರ ದೂರುಗಳನ್ನು ಪೊಲೀಸರು ಇತರರ ದೂರಿನಂತೆಯೇ ನೋಡಬೇಕು, ದಾಳಿಯ ವೇಳೆ ಅವರ ಗುರುತು ಮಾಧ್ಯಮಗಳಲ್ಲಿ ಬರಬಾರದು ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ನಿರ್ದೇಶನ ಕೊಟ್ಟಿತು. ಲಾಡ್ಜ್ ದಾಳಿಯ ಫೋಟೋಗಳನ್ನು ಊರಿನ ವಾಟ್ಸಪ್ ಗ್ರೂಪಿಗೆ ಹಾಕುವವರು ಇದನ್ನು ಒಮ್ಮೆ ಓದಬೇಕು. ಆ ಗ್ರೂಪುಗಳಿಂದಾಗಿಯೇ ಮೋಸ ಹೋದವರು ಬಾಯಿ ಬಿಡದಿರುವುದು. ತಮ್ಮ ಹೆಸರೂ ನಾಳೆ ಅಲ್ಲಿ ಬಂದೀತೆಂಬ ಭಯವೇ ವಂಚಕರ ಬಂಡವಾಳ. ಅವರು ಆ ಬಂಡವಾಳವನ್ನು ಬಿಹಾರದಿಂದ ತರುವುದಿಲ್ಲ, ನಮ್ಮೂರಿನಲ್ಲೇ ಅವರಿಗೆ ಬಿಟ್ಟಿ ಸಿಗುತ್ತದೆ.

ದೂರು ಕೊಡುವ ದಾರಿ ಈಗ ಹಿಂದಿನಷ್ಟು ಕಷ್ಟದ್ದಲ್ಲ. 1930 ಎಂಬ ಸಹಾಯವಾಣಿಗೆ ಕರೆ ಮಾಡಬಹುದು, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದಾಖಲಿಸಬಹುದು. ಹಣ ಹೋದ ಮೊದಲ ಗಂಟೆಗಳಲ್ಲಿ ಕರೆ ಮಾಡಿದರೆ ಅದು ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಎರಡು ದಿನ ಯೋಚಿಸಿ ಕರೆ ಮಾಡಿದರೆ ಖಾತೆ ಖಾಲಿಯಾಗಿರುತ್ತದೆ. ವ್ಯವಹಾರದ 12 ಅಂಕಿಯ ಸಂಖ್ಯೆ, ಸಮಯ, ಮೊತ್ತ, ಎದುರಿನವರ ಯು.ಪಿ.ಐ. ವಿಳಾಸ ಬೇಕಾಗುತ್ತದೆ. ನಾಚಿಕೆಯಿಂದ ಚಾಟ್ ಅಳಿಸಿಬಿಡುವವರೇ ಹೆಚ್ಚು. ಅಳಿಸಿದರೆ ಸಾಕ್ಷ್ಯವೇ ಹೋಯಿತು. ಕರೆ ಅಥವಾ ಮೆಸೇಜು ಬಂದ ಮೊಬೈಲ್ ನಂಬರನ್ನು ಟೆಲಿಕಾಂ ಇಲಾಖೆ 2024ರ ಮಾರ್ಚ್‌ನಲ್ಲಿ ತೆರೆದ 'ಚಕ್ಷು' ವ್ಯವಸ್ಥೆಗೆ ತಿಳಿಸಲೂಬಹುದು. ಹಣ ಕಳೆದುಕೊಳ್ಳದೆ ಬರೀ ಕರೆ ಬಂದಿದ್ದರೂ ಸರಿ.

ಗಡಿಯ ತೊಡಕು ಇಲ್ಲಿಯೂ ಅಡ್ಡ ಬರುತ್ತದೆ. ಮನೆ ಮಂಜೇಶ್ವರದಲ್ಲಿ, ಹೋಟೆಲ್ ಮಂಗಳೂರಿನಲ್ಲಿ, ಹಣ ಹೋದದ್ದು ರಾಜಸ್ಥಾನದ ಖಾತೆಗೆ ಎಂದಾಗ 'ಇದು ನಮ್ಮ ವ್ಯಾಪ್ತಿಯಲ್ಲ' ಎಂಬ ಉತ್ತರ ಎಲ್ಲಿಯಾದರೂ ಬಂದರೆ ಆಶ್ಚರ್ಯವಿಲ್ಲ. ಆದರೆ ಅಪರಾಧ ಎಲ್ಲೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ದಾಖಲಿಸಬಹುದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಜೀರೋ ಎಫ್.ಐ.ಆರ್. ಎನ್ನುವುದು ಇದನ್ನೇ. ಕಾಸರಗೋಡಿನಲ್ಲಿ ಸೈಬರ್ ಪೊಲೀಸ್ ಠಾಣೆ ಇದೆ, ಮಂಗಳೂರಿನಲ್ಲಿ ಸೆನ್ ಠಾಣೆ ಇದೆ. ಮನೆಯ ಹತ್ತಿರದ ಠಾಣೆಗೆ ಹೋಗಲು ಮುಜುಗರವಾದರೆ ಅಲ್ಲಿಗೆ ಹೋಗಬಹುದು. ಊರಿನ ಠಾಣೆಯಲ್ಲಿ ಪರಿಚಯದವರು ಇರುವುದು ಒಮ್ಮೊಮ್ಮೆ ಅನುಕೂಲ, ಒಮ್ಮೊಮ್ಮೆ ಅದೇ ತೊಂದರೆ.

ಭಾಷೆಯ ಅಡ್ಡಿಯನ್ನೂ ಕೆಲವರು ಹೇಳುತ್ತಾರೆ. ಮಲಯಾಳದಲ್ಲಿ ಮಾತಾಡಬಲ್ಲವರಿಗೂ ಇಂತಹ ವಿಷಯವನ್ನು ಬರೆದು ಕೊಡುವುದೆಂದರೆ ಇನ್ನೊಬ್ಬರ ಸಹಾಯ ಬೇಕು, ಇನ್ನೊಬ್ಬರಿಗೆ ಹೇಳಿದರೆ ಗುಟ್ಟು ಉಳಿಯುವುದಿಲ್ಲ. ಅದರ ಅಗತ್ಯವಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ದೂರಿನಲ್ಲಿ ಬರೆಯಬೇಕಾದದ್ದೂ ಹೆಚ್ಚೇನಿಲ್ಲ: ಯಾವ ದಿನ, ಎಷ್ಟು ಗಂಟೆಗೆ, ಯಾವ ನಂಬರಿನಿಂದ ಏನು ಹೇಳಿ, ಎಷ್ಟು ಹಣ ಪಡೆದರು, ಆಮೇಲೆ ಏನೆಂದು ಬೆದರಿಸಿದರು. ಒಂದು ಹಾಳೆಯಲ್ಲಿ ಮುಗಿಯುತ್ತದೆ.